ನಿಂತ ಕಾರಿಗೂ ವಯಸ್ಸಾಗುತ್ತದೆ

ಮನೆಯ ಸಣ್ಣ ಕಾರನ್ನು ಹತ್ತು ಹದಿನೈದು ವರ್ಷ ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಬಗ್ಗೆ ಇವತ್ತು ಮಾತನಾಡುತ್ತೇನೆ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ರಸ್ತೆಗೆ ಇಳಿದ ಮೇಲೆ ನಮ್ಮಲ್ಲಿ ಸಂಬಳದಾರರ ಮನೆಗೂ ಕಾರು ಬರತೊಡಗಿತು. 2000ದಲ್ಲಿ ಆಲ್ಟೊ ಬಂತು. ಅದರ ಎಂಜಿನ್ನೂ 796 ಸಿಸಿಯದೇ, ಮೂರು ಸಿಲಿಂಡರಿನದು. ನಮ್ಮ ಮನೆಯಲ್ಲಿರುವುದೂ ಆಲ್ಟೊ. ಅದರ ಆರ್‌ಸಿ ಈಗಾಗಲೇ ಒಮ್ಮೆ ನವೀಕರಣವಾಗಿದೆ. ಇಷ್ಟು ವರ್ಷ ಅದನ್ನು ನೋಡಿಕೊಂಡ ಮೇಲೆ ನನಗೆ ಮನದಟ್ಟಾದದ್ದು ಒಂದೇ: ಮನೆಯ ಕಾರು ಓಡಿ ಸವೆಯುವುದಕ್ಕಿಂತ ನಿಂತು ಸವೆಯುವುದೇ ಹೆಚ್ಚು.

ಟ್ಯಾಕ್ಸಿಯ ಲೆಕ್ಕ ಬೇರೆ. ಅದು ಒಂದೇ ವರ್ಷದಲ್ಲಿ ಐವತ್ತು ಸಾವಿರ ಕಿಲೋಮೀಟರ್ ಓಡೀತು. ಮನೆಯ ಕಾರು ಮಕ್ಕಳ ಶಾಲೆ, ತರಕಾರಿ ಮಾರುಕಟ್ಟೆ, ಹಬ್ಬಕ್ಕೆ ಊರು, ಮದುವೆಮನೆ ಎಂದು ವರ್ಷಕ್ಕೆ ಐದಾರು ಸಾವಿರ ಓಡಿದರೆ ಹೆಚ್ಚು. ಮೀಟರು ನೋಡಿ ನಾವು “ಗಾಡಿ ಇನ್ನೂ ಓಡೇ ಇಲ್ಲ, ಸರ್ವಿಸ್ ಮುಂದಿನ ವರ್ಷ ಮಾಡಿಸಿದರಾಯಿತು” ಎನ್ನುತ್ತೇವೆ. ಕಂಪನಿಯ ಕೈಪಿಡಿಯಲ್ಲಿ ಮಾತ್ರ ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು ಎಂದು ಬರೆದಿರುತ್ತದೆ. ನಮ್ಮಂಥವರಿಗೆ ಯಾವಾಗಲೂ ಮೊದಲು ಬರುವುದು ತಿಂಗಳ ಲೆಕ್ಕವೇ.

ಹೀಗೇಕೆ ಎನ್ನುವುದಕ್ಕೆ ಎಂಜಿನ್ ಆಯಿಲ್‌ನಿಂದ ಶುರು ಮಾಡೋಣ. ಪೆಟ್ರೋಲ್ ಉರಿದಾಗ ಹೊಗೆಯ ಜೊತೆಗೆ ನೀರೂ ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯ ರೂಪದಲ್ಲಿ ಹೊರಬೀಳುತ್ತದೆ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನ ಬಾಯಿಂದ ಹನಿ ತೊಟ್ಟಿಕ್ಕುವುದನ್ನು ನೀವು ನೋಡಿರುತ್ತೀರಿ, ಅದು ಈ ನೀರೇ. ಆವಿಯ ಸ್ವಲ್ಪ ಪಾಲು ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದರೆ ಅದು ಮತ್ತೆ ಆವಿಯಾಗಿ ಹೋಗುತ್ತದೆ. ಆದರೆ ಆಯಿಲ್ ಪೂರ್ತಿ ಬಿಸಿಯಾಗಲು ಹದಿನೈದು ಇಪ್ಪತ್ತು ನಿಮಿಷದ ಓಟ ಬೇಕು. ಎರಡು ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬಂದು ನಿಲ್ಲಿಸುವ ಕಾರಿಗೆ ಆ ಬಿಸಿ ಸಿಗುವುದೇ ಇಲ್ಲ. ನೀರು ಒಳಗೇ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳವನ್ನು ಬಿಚ್ಚಿದರೆ ಒಳಬದಿಯಲ್ಲಿ ಮಜ್ಜಿಗೆ ಬಣ್ಣದ ಜಿಡ್ಡು ಕಾಣಿಸುವುದುಂಟು, ಅದು ಆಯಿಲ್ ಮತ್ತು ನೀರು ಕಡೆದು ಬೆರೆತದ್ದು. ಜೊತೆಗೆ ಕೂಲೆಂಟ್ ಕೂಡ ಇಳಿಯುತ್ತಿದ್ದರೆ ತಡಮಾಡದೆ ಮೆಕ್ಯಾನಿಕ್ಕಿಗೆ ತೋರಿಸಬೇಕು. ಇಲ್ಲವಾದರೆ ಅದು ಸಣ್ಣ ಓಟದ ಗುರುತು, ಅಷ್ಟೇ. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿದು ತೂತಾಗುವುದೂ ಇದೇ ನೀರಿನಿಂದ.

ಪರಿಹಾರ ಸುಲಭ. ವಾರಕ್ಕೊಮ್ಮೆ ಕಾರನ್ನು ಊರಾಚೆ ಅರ್ಧ ಗಂಟೆ ಓಡಿಸಿಕೊಂಡು ಬನ್ನಿ. ಮನೆಯ ಮುಂದೆಯೇ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟರೆ ಸಾಲದು. ಹಾಗೆ ನಿಂತು ಉರಿಯುವ ಎಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಚಕ್ರ ತಿರುಗುವುದಿಲ್ಲ, ಬ್ರೇಕಿಗೂ ಗೇರಿಗೂ ಕೆಲಸವಿಲ್ಲ. ಆಯಿಲ್ ಮಾತ್ರ ಎಷ್ಟೇ ಕಡಿಮೆ ಓಡಿದ್ದರೂ ವರ್ಷಕ್ಕೊಮ್ಮೆ ಬದಲಾಗಲಿ. ಸಣ್ಣ ಎಂಜಿನ್ನಿಗೆ ಬೇಕಾಗುವ ಆಯಿಲ್ ಮೂರು ಲೀಟರಿನ ಆಸುಪಾಸು. ಆ ಖರ್ಚಿಗೆ ಹಿಂಜರಿಯಬಾರದು.

ಎರಡನೆಯದು ಟೈಮಿಂಗ್ ಬೆಲ್ಟ್. ಕ್ರ್ಯಾಂಕಿಗೂ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮ್ ದಂಡಕ್ಕೂ ತಾಳ ತಪ್ಪದಂತೆ ಹಿಡಿದಿರುವ ರಬ್ಬರ್ ಪಟ್ಟಿ ಅದು. ಆಲ್ಟೊದ 796 ಸಿಸಿ ಎಂಜಿನ್ನಿನಲ್ಲಿ ಇರುವುದು ಬೆಲ್ಟು. 2010ರಲ್ಲಿ ಬಂದ ಕೆ10ರಲ್ಲಿ ಅದರ ಜಾಗದಲ್ಲಿ ಚೈನಿದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂದು ಇವತ್ತೇ ತಿಳಿದುಕೊಳ್ಳಿ. ರಬ್ಬರ್ ಓಡದಿದ್ದರೂ ಬಿರುಸಾಗುತ್ತದೆ, ಹಲ್ಲಿನ ಬುಡದಲ್ಲಿ ಬಿರುಕು ಬಿಡುತ್ತದೆ. ಹರಿಯುವ ಮೊದಲು ಅದು ಸದ್ದು ಮಾಡಿ ಎಚ್ಚರಿಸುತ್ತದೆ ಎನ್ನುವ ಖಾತರಿಯಿಲ್ಲ. ಹರಿದರೆ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ, ಅನೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿದು ದೊಡ್ಡ ಖರ್ಚು ಬರುತ್ತದೆ. ಹಳೆಯ ಕಾರು ಕೊಂಡವರಿಗೆ, ಬೆಲ್ಟ್ ಯಾವಾಗ ಬದಲಾಗಿದೆ ಎಂಬುದಕ್ಕೆ ಬಿಲ್ ಸಿಗದಿದ್ದರೆ, ಮೊದಲು ಅದನ್ನು ಹೊಸದು ಹಾಕಿಸಿ ಎಂದೇ ನಾನು ಹೇಳುವುದು.

ಇನ್ನು ನಾವೆಲ್ಲ ಬ್ರೇಕ್ ಆಯಿಲ್ ಎಂದು ಕರೆಯುವ ದ್ರವ. ಘಟ್ಟದ ರಸ್ತೆಗಳಿರುವ ನಮ್ಮ ನಾಡಿನಲ್ಲಿ ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಈ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಗುಣವಿದೆ. ರಬ್ಬರ್ ಹೋಸಿನ ಮೂಲಕವೂ ತೇವ ನಿಧಾನವಾಗಿ ಒಳಗಿಳಿಯುತ್ತದೆ. ಡಾಟ್ 3 ದರ್ಜೆಯ ದ್ರವಕ್ಕೆ, ಹೊಸದಾಗಿರುವಾಗ, ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ನಿಯಮ. ಅದೇ ದ್ರವ ಶೇಕಡಾ ಮೂರೂವರೆಯಿಂದ ನಾಲ್ಕರಷ್ಟು ನೀರು ಹೀರಿಕೊಂಡ ಮೇಲೆ 140 ಡಿಗ್ರಿಗೇ ಕುದಿಯಬಹುದು. ಆಗುಂಬೆ ಅಥವಾ ಚಾರ್ಮಾಡಿ ಘಾಟಿಯನ್ನು ಒಂದೇ ಸಮನೆ ಬ್ರೇಕ್ ಒತ್ತಿಕೊಂಡು ಇಳಿದರೆ ಚಕ್ರದ ಬಳಿ ಅಷ್ಟು ಬಿಸಿ ಏಳುವುದು ಕಷ್ಟವೇನಲ್ಲ. ದ್ರವ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿ ಮಾತ್ರ ಕುಗ್ಗಿಬಿಡುತ್ತದೆ. ಪೆಡಲು ಸಡಿಲವಾಗಿ ತಳಕ್ಕಿಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಮನೆಮಂದಿಯೆಲ್ಲ ಒಳಗೆ ಕೂತಿರುವಾಗ ಹೀಗಾಗುವುದನ್ನು ನೆನೆಸಿಕೊಂಡರೇ ಎದೆ ನಡುಗುತ್ತದೆ. ಎರಡು ವರ್ಷಕ್ಕೊಮ್ಮೆ ಆ ದ್ರವವನ್ನು ಪೂರ್ತಿ ತೆಗೆಸಿ ಹೊಸದು ತುಂಬಿಸಿ, ಬರೀ ಮೇಲೆ ತುಂಬಿಸುವುದಲ್ಲ. ಘಟ್ಟ ಹತ್ತುವಾಗ ಯಾವ ಗೇರು ಬೇಕಾಗುತ್ತದೋ ಇಳಿಯುವಾಗಲೂ ಅದೇ ಗೇರು ಎನ್ನುವ ಹಳೆಯ ಡ್ರೈವರುಗಳ ಮಾತನ್ನು ಪಾಲಿಸಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯಲೇಬೇಡಿ. ಗಾಡಿ ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ದಾಗ ಈ ಕಾಲದ ಎಂಜಿನ್ನಿಗೆ ಪೆಟ್ರೋಲ್ ಹರಿಯುವುದೇ ನಿಲ್ಲುತ್ತದೆ. ಹಾಗಾಗಿ ಉಳಿತಾಯವೂ ಗೇರಿನಲ್ಲೇ ಇದೆ.

ಟೈರು ನೋಡಲು ಚೆನ್ನಾಗಿದ್ದರೂ ಹಳತಾಗಿರಬಹುದು. ಅದರ ಪಕ್ಕದಲ್ಲಿ ಡಾಟ್ ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಐದಾರು ವರ್ಷವಾದ ಮೇಲೆ ಪ್ರತಿ ಸರ್ವಿಸ್‌ನಲ್ಲೂ ಬಿರುಕು ಬಿಟ್ಟಿದೆಯೇ ಎಂದು ನೋಡಿಸಬೇಕು. ಗೆರೆಗಳು ಆಳವಾಗಿವೆ ಎಂದು ಸುಮ್ಮನಿರಬಾರದು. ಡಿಕ್ಕಿಯಲ್ಲಿರುವ ಸ್ಟೆಪ್ನಿಯನ್ನು ಮರೆಯಬೇಡಿ, ಅನೇಕ ಮನೆಗಳಲ್ಲಿ ಅದು ಕಾರಿನಷ್ಟೇ ಹಳೆಯದು. ಗಾಳಿ ತುಂಬಿಸುವಾಗ ಅದಕ್ಕೂ ತುಂಬಿಸಿ.

ಬ್ಯಾಟರಿಯನ್ನು ಕೊಲ್ಲುವುದು ಬಿಸಿಲು. ಸ್ಟಾರ್ಟ್ ಆಗದೆ ಕೈಕೊಡುವುದು ಚಳಿಯ ಬೆಳಿಗ್ಗೆಯಾದರೂ ಹಾಳಾಗಿರುವುದು ಹಿಂದಿನ ಬೇಸಿಗೆಯಲ್ಲೇ. ರಾಯಚೂರು, ಕಲಬುರಗಿ ಕಡೆಯವರು ನೆರಳಿನಲ್ಲಿ ನಿಲ್ಲಿಸುವ ರೂಢಿ ಮಾಡಿಕೊಂಡರೆ ಬ್ಯಾಟರಿಗೂ ಬಾಗಿಲಿನ ರಬ್ಬರಿಗೂ ಆಯುಷ್ಯ ಹೆಚ್ಚುತ್ತದೆ. ರೇಡಿಯೇಟರಿಗೆ ಕೊಳವೆಬಾವಿಯ ನೀರು ಸುರಿಯಬೇಡಿ. ಗಡಸು ನೀರಿನ ಸುಣ್ಣ ಒಳಗೆ ಪದರುಗಟ್ಟಿ ಎಂಜಿನ್ ಕಾಯುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಮಾತ್ರ ಸಾಕು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಎಸಿ ಹಾಕಿ, ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಾಗುತ್ತಿರಬೇಕು. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಇಲ್ಲದಿದ್ದರೆ ತೇವಕ್ಕೆ ಬ್ರೇಕ್ ಲೈನಿಂಗ್ ಡ್ರಮ್ಮಿಗೆ ಕಚ್ಚಿಕೊಳ್ಳುತ್ತದೆ. ಇಲಿಯ ಕಾಟವಿರುವ ಕಡೆ ಬಾನೆಟ್ ಎತ್ತಿ ವೈರುಗಳನ್ನು ಆಗಾಗ ನೋಡಿ.

ಪೆಟ್ರೋಲಿನಲ್ಲಿ ಈಗ ಶೇಕಡಾ 20ರಷ್ಟು ಎಥನಾಲ್ ಇದೆ. 2023ರ ಏಪ್ರಿಲ್‌ನಿಂದೀಚೆಗೆ ಬಂದ ಕಾರುಗಳ ಪೈಪು, ಸೀಲುಗಳನ್ನು ಇದಕ್ಕೆ ಹೊಂದುವಂತೆ ಮಾಡಿದ್ದಾರೆ. ಹಳೆಯವುಗಳಲ್ಲಿ ಮೈಲೇಜು ಶೇಕಡಾ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಹಳೆಯ ಕಾರಿನವರು ಪೆಟ್ರೋಲ್ ಹೋಸುಗಳನ್ನು ಸರ್ವಿಸ್ ಹೊತ್ತಿಗೆ ಪರೀಕ್ಷಿಸಿ, ಮೆತ್ತಗಾಗಿದ್ದರೆ ಬದಲಿಸುವುದು ಒಳ್ಳೆಯದು. ಬಾನೆಟ್ಟಿನಡಿ ಪೆಟ್ರೋಲ್ ವಾಸನೆ ಬಂದರೆ ಒಂದು ದಿನವೂ ಕಾಯಬೇಡಿ.

ಹಾಗಾದರೆ ಕಾರನ್ನು ಬಿಟ್ಟುಕೊಡುವ ಕಾಲ ಯಾವುದು? ಎಂಜಿನ್ ಕೆಟ್ಟರೆ ಸರಿಮಾಡಬಹುದು, ಕ್ಲಚ್ ಪ್ಲೇಟು, ಸಸ್ಪೆನ್ಷನ್ನಿನ ಬುಷ್ಷು ಎಲ್ಲವೂ ತಾಲ್ಲೂಕು ಕೇಂದ್ರದಲ್ಲೇ ಸಿಗುತ್ತವೆ. ಸರಿಮಾಡಲಾಗದ್ದು ಚೌಕಟ್ಟಿನ ತುಕ್ಕು. ಕಾರವಾರ, ಮಂಗಳೂರಿನ ಉಪ್ಪುಗಾಳಿಗೂ ತೀರ್ಥಹಳ್ಳಿಯ ಮಳೆಗೂ ಸಿಕ್ಕಿದ ಗಾಡಿಗಳನ್ನು ವರ್ಷಕ್ಕೊಮ್ಮೆ ಲಿಫ್ಟಿನ ಮೇಲೆ ಎತ್ತಿಸಿ ಅಡಿಭಾಗ ನೋಡಬೇಕು. ಬಾಗಿಲಿನ ಕೆಳಅಂಚಿನಲ್ಲಿ ನೀರಿಳಿಯಲೆಂದೇ ಸಣ್ಣ ರಂಧ್ರಗಳಿರುತ್ತವೆ, ಅವು ಕೆಸರಿನಿಂದ ಮುಚ್ಚಿಹೋಗದಿರಲಿ. ಮುಂಗಾಜಿನ ಬುಡದಲ್ಲಿ ಸೇರಿಕೊಂಡ ಎಲೆ ಕಸವನ್ನೂ ತೆಗೆಯಿರಿ. ಸಸ್ಪೆನ್ಷನ್ ಕೂರುವ ಜಾಗ, ಸೀಟ್‌ಬೆಲ್ಟ್ ಬಿಗಿದಿರುವ ಜಾಗ ತುಕ್ಕು ತಿಂದು ಟೊಳ್ಳಾಗಿದ್ದರೆ ಮೇಲೆ ಬಣ್ಣ ಬಳಿಸಿ ಓಡಿಸುವುದು ತಪ್ಪು. ಇನ್ನೊಂದು ಮಾತನ್ನು ಪ್ರೀತಿಯಿಂದಲೇ ಹೇಳಬೇಕು: ಹಳೆಯ ಸಣ್ಣ ಕಾರುಗಳಲ್ಲಿ ಹೆಚ್ಚಿನವಕ್ಕೆ ಏರ್‌ಬ್ಯಾಗೂ ಇಲ್ಲ, ಎಬಿಎಸ್ಸೂ ಇಲ್ಲ. ಚಾಲಕರ ಏರ್‌ಬ್ಯಾಗ್ ಕಡ್ಡಾಯವಾದದ್ದು 2019ರಲ್ಲಿ. ಊರೊಳಗೆ ಓಡಾಡಲು ಅಂಥ ಕಾರು ಸಾಕು. ಆರು ಪಥದ ಹೆದ್ದಾರಿಯಲ್ಲಿ ಐದು ಜನರನ್ನೂ ಸಾಮಾನನ್ನೂ ತುಂಬಿಕೊಂಡು ನೂರರ ವೇಗದಲ್ಲಿ ಹೋಗಲು ಅದು ತಕ್ಕದ್ದಲ್ಲ. ಹಿಂದಿನ ಸೀಟಿನ ಅಜ್ಜಿಯೂ ಮೊಮ್ಮಕ್ಕಳೂ ಬೆಲ್ಟ್ ಹಾಕಿಕೊಳ್ಳಲಿ.

ಹದಿನೈದು ವರ್ಷವಾದರೆ ಕಾರು ಗುಜರಿಗೆ ಎಂಬ ಭಯ ಹಲವರಿಗಿದೆ. 2023ರ ಏಪ್ರಿಲ್‌ನಿಂದ ನೋಂದಣಿ ರದ್ದಾದದ್ದು ಹದಿನೈದು ವರ್ಷ ಮೀರಿದ ಸರ್ಕಾರಿ ವಾಹನಗಳದ್ದು. ನಮ್ಮ ರಾಜ್ಯದಲ್ಲಿ ಖಾಸಗಿ ಕಾರನ್ನು ಆರ್‌ಟಿಓ ಕಚೇರಿಯಲ್ಲಿ ತಪಾಸಣೆ ಮಾಡಿಸಿ ನೋಂದಣಿಯನ್ನು ಐದು ವರ್ಷಕ್ಕೆ ನವೀಕರಿಸಬಹುದು. ಅವಧಿ ಮುಗಿಯುವ 60 ದಿನ ಮೊದಲೇ ಅರ್ಜಿ ಹಾಕಬಹುದು. 2022ರ ಏಪ್ರಿಲ್‌ನಿಂದ ಶುಲ್ಕ 5,000 ರೂಪಾಯಿ. ಇಪ್ಪತ್ತು ವರ್ಷ ದಾಟಿದ್ದರೆ 2025ರ ಆಗಸ್ಟ್‌ನಿಂದ 10,000.

ಮಾರುವುದೇ ಆದರೆ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿಕೊಟ್ಟು ಸುಮ್ಮನಾಗಬೇಡಿ. ಆರ್‌ಸಿಯಲ್ಲಿ ಹೆಸರು ಬದಲಾಗುವ ತನಕ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ವಿಮೆಯಲ್ಲಿ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ ಮಾತ್ರ ಕಾರಿನ ಜೊತೆ ಹೋಗುವುದಿಲ್ಲ. ಅದು ಶೇಕಡಾ 50ರವರೆಗೂ ಇದ್ದೀತು, ಅದು ನಿಮ್ಮದು. ಅದಕ್ಕೆ ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿಗೆ ಬಳಸಿಕೊಳ್ಳಬಹುದು.