ಜಾತ್ರೆಯ ಕಾಸು, ಸರಕಾರದ ಮಾಸಾಶನ

ಗುರುಗುಂಟಾದ ಅಮರೇಶ್ವರನ ಜಾತ್ರೆಗೆ ಹೋದವರು ಗುಡಿಯ ದಾರಿಯಲ್ಲಿ ಬಟ್ಟೆ ಹಾಸಿ ಕುಳಿತವರನ್ನು ಕಂಡಿರಬಹುದು. ಕಣ್ಣಿಲ್ಲದವರು, ಕಾಲು ಸೋತವರು. ಭಕ್ತರು ಕಾಸು ಹಾಕಿ, ಪುಣ್ಯ ಬಂತೆಂದು ಮುಂದೆ ಸಾಗುತ್ತಾರೆ. ಜಾತ್ರೆ ಮುಗಿದ ಮರುದಿನ ಅವರ ಹೊಟ್ಟೆಯ ಗತಿಯೇನು?

ಈ ಪ್ರಶ್ನೆಯನ್ನು ನಮ್ಮ ಸಂವಿಧಾನ ಮರೆತಿಲ್ಲ. ಮುಪ್ಪು, ರೋಗ, ಅಂಗವೈಕಲ್ಯಗಳಲ್ಲಿ ರಾಜ್ಯವು ತನ್ನ ಶಕ್ತಿಯಿದ್ದಷ್ಟು ನೆರವಾಗಬೇಕೆಂದು ಅದರ 41ನೆಯ ವಿಧಿ ಹೇಳುತ್ತದೆ. ಗುರುಗುಂಟಾಕ್ಕೆ ಸಮೀಪದಲ್ಲಿಯೇ ಹಟ್ಟಿಯ ಚಿನ್ನದ ಗಣಿಯಿದೆ. ದುಡಿಯುವಾಗ ಅಂಗ ಕಳೆದುಕೊಂಡ ಕಾರ್ಮಿಕನಿಗೆ ಧಣಿಯು ಪರಿಹಾರ ಕೊಡಬೇಕೆಂಬ ಶಾಸನ ಭಾರತದಲ್ಲಿ 1923ರಲ್ಲಿಯೇ ಆಯಿತು. ಆದರೆ ಹುಟ್ಟಿನಿಂದ ಕಣ್ಣಿಲ್ಲದವಳಿಗೆ, ಪೋಲಿಯೋದಿಂದ ಕಾಲು ಸೋತವನಿಗೆ ಅಂಥ ಧಣಿಯಿಲ್ಲ. ಅಲ್ಲಿ ಹೊಣೆ ಹೊರಬೇಕಾದುದು ಸಮಾಜವೇ. ಆ ಹೊಣೆಯ ಹೆಸರೇ ಮಾಸಾಶನ.

1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನಷ್ಟೆ ಗುರುತಿಸಿತ್ತು. 2016ರ ಕಾನೂನು ಅವನ್ನು 21ಕ್ಕೆ ಏರಿಸಿತು. ಥಲಸ್ಸೇಮಿಯಾ, ಹಿಮೋಫಿಲಿಯಾಗಳಂಥ ಬಾಳಿಡೀ ಬಿಡದ ರಕ್ತದ ಬೇನೆಗಳೂ ಅದರಲ್ಲಿ ಸೇರಿದವು. ಇತರರಿಗಿರುವ ಅದೇ ಬಗೆಯ ಯೋಜನೆಗಿಂತ ಅಂಗವಿಕಲರ ನೆರವು ಶೇಕಡಾ 25ರಷ್ಟಾದರೂ ಹೆಚ್ಚಿರಬೇಕೆಂದೂ ಆ ಕಾನೂನಿನ 24ನೆಯ ಪ್ರಕರಣ ವಿಧಿಸುತ್ತದೆ. 2021ರಲ್ಲಿ ಕರ್ನಾಟಕ ಸರಕಾರವು ವೃದ್ಧರ ಸಂಧ್ಯಾ ಸುರಕ್ಷಾ ಮಾಸಾಶನವನ್ನು 1,200 ರೂಪಾಯಿಗೆ ಏರಿಸಿತು. ಶೇಕಡಾ 40ರಿಂದ 75ರವರೆಗಿನ ಅಂಗವಿಕಲರದನ್ನು 600ರಿಂದ 800ಕ್ಕೆ. ಇವೆರಡೂ ಒಂದೇ ಬಗೆಯವಲ್ಲವೆಂದು ಕಚೇರಿ ವಾದಿಸಬಹುದು. ಜೋಳದ ಅಂಗಡಿಯವನು ಆ ಭೇದವನ್ನು ಎಣಿಸುವುದಿಲ್ಲ.

ಇನ್ನು ಆ ಶೇಕಡಾ ಲೆಕ್ಕ. ವೈದ್ಯರು ಕಾಲಿನ ಬಲವನ್ನು ಅಳೆದಾರು. ಆ ಕಾಲಿನಿಂದ ಬದುಕು ಎಷ್ಟು ಸಾಗೀತೆಂಬುದನ್ನು ಅಳೆಯುವವರಾರು? ಮೇಜಿನ ಮುಂದೆ ಕುಳಿತು ಬರೆಯುವವನಿಗೆ ಸಣ್ಣದೆನಿಸುವ ಕುಂಟು, ದಿನವಿಡೀ ಹೊಲದಲ್ಲಿ ಬಾಗಿ ಕಳೆ ತೆಗೆಯುವವಳಿಗೆ ಅನ್ನವನ್ನೇ ಕಸಿಯುವ ಕುಂಟು. ಅವಳ ಚೀಟಿಯಲ್ಲಿ 40ರ ಬದಲು 35 ಎಂದು ಬಿದ್ದರೆ ಮಾಸಾಶನವಿಲ್ಲ. ತಪಾಸಣೆಗೆಂದು ಲಿಂಗಸುಗೂರಿಗೋ ರಾಯಚೂರಿಗೋ ಹೋದರೆ ಅಂದಿನ ಕೂಲಿಯೂ ಹೋಯಿತು. ಜೊತೆಗೆ ಬಂದವರದೂ ಹೋಯಿತು. ಆದುದರಿಂದ ಅಳತೆಯು ದೇಹವನ್ನಷ್ಟೆ ನೋಡದೆ ದುಡಿಮೆಯನ್ನೂ ನೋಡಬೇಕು. ಅಳೆಯುವವರೇ ಹೋಬಳಿಗೆ ಬರಬೇಕು.

ಜಾತ್ರೆಯಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ಮಾಸಾಶನದಲ್ಲಿ ಹಾಗಿರಕೂಡದು. ನಾಡಕಚೇರಿಯ ಕಿಟಕಿಯ ಮುಂದೆ ನಿಂತವನನ್ನು “ಏನು ಬೇಕಪ್ಪಾ?” ಎಂದು ಕೇಳುವುದು ನಿಂತು, “ನಿನ್ನದು ಬಂತೇನಪ್ಪಾ?” ಎಂದು ಕೇಳುವ ದಿನ ಬರಲಿ.