ಬಡ ಒಕ್ಕಲಿನ ಸಂಸಾರಕ್ಕೆ ನಗದು ಸಹಾಯ
(ಉಪನ್ಯಾಸ)



ಬಡವನಿಗೆ ಸಹಾಯಮಾಡಬೇಕೆಂಬ ವಿಷಯದಲ್ಲಿ ಎರಡು ಅಭಿಪ್ರಾಯಗಳಿಲ್ಲ. ಆ ಸಹಾಯವನ್ನು ಧಾನ್ಯದ ರೂಪದಲ್ಲಿ ಕೊಡತಕ್ಕದ್ದೇ, ಕೆಲಸದ ರೂಪದಲ್ಲಿ ಕೊಡತಕ್ಕದ್ದೇ, ಅಥವಾ ಹಣವನ್ನೇ ಅವನ ಕೈಗೆ ಕೊಡತಕ್ಕದ್ದೇ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯವುಂಟು. ಹಣ ಕೊಟ್ಟರೆ ಅದು ಹೆಂಡ ಸಾರಾಯಿಗಳ ಪಾಲಾಗುವುದೆಂದೂ, ಕೂಲಿಯವರು ಹೊಲಕ್ಕೆ ಬಾರದೆ ಜಗಲಿಯ ಮೇಲೆ ಕುಳಿತುಬಿಡುವರೆಂದೂ, ಸಂತೆಯಲ್ಲಿ ಬೆಲೆಗಳು ಏರುವುವೆಂದೂ ಮೂರು ಆಕ್ಷೇಪಣೆಗಳು ಹಳ್ಳಿಯ ಕಟ್ಟೆಯ ಮೇಲೆ ಕೇಳಿಬರುತ್ತವೆ. ಇವುಗಳಲ್ಲಿ ನಿಜವೆಷ್ಟು, ಭಯವೆಷ್ಟು ಎಂಬುದನ್ನು ಪ್ರಯೋಗಗಳಿಂದ ತಿಳಿದುಬಂದ ಸಂಗತಿಗಳ ಮೂಲಕ ವಿಚಾರಮಾಡುವುದೇ ಈ ಉಪನ್ಯಾಸದ ಉದ್ದೇಶ.

ಧಾನ್ಯದ ಬರವೂ ಹಣದ ಬರವೂ

ಮೈಸೂರು ಸೀಮೆಯ ಜನರು ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ಬಹುಕಾಲ ಮರೆಯಲಿಲ್ಲ. 1871ರ ಖಾನೇಷುಮಾರಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ಕ್ಷಾಮದ ತರುವಾಯ ನೇಮಕವಾದ ಕಮಿಷನ್ನಿನವರು 1880ರಲ್ಲಿ ವರದಿ ಮಾಡುತ್ತಾ, ಇಂಡಿಯಾದ ಕ್ಷಾಮಗಳು ಆಹಾರದ ಅಭಾವಕ್ಕಿಂತಲೂ ಹೆಚ್ಚಾಗಿ ಕೆಲಸದ ಮತ್ತು ಕೂಲಿಯ ಅಭಾವವೆಂದು ಕಂಡುಕೊಂಡರು. ಪಂಡಿತರಾದ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮವನ್ನು ಪರಿಶೀಲಿಸಿ ಇದೇ ತತ್ತ್ವವನ್ನು ವಿಶದಪಡಿಸಿದರು. ಅಂಗಡಿಯಲ್ಲಿ ಧಾನ್ಯವಿದ್ದರೂ, ಕೊಳ್ಳುವ ಶಕ್ತಿ ಇಲ್ಲದವನಿಗೆ ಅದು ಇಲ್ಲದಂತೆಯೇ ಸರಿ.

ಸಣ್ಣ ಒಕ್ಕಲಿನ ವರ್ಷವೂ ಹೀಗೆಯೇ. ಅವನ ಆದಾಯವು ಸುಗ್ಗಿಯಲ್ಲಿ ಒಮ್ಮೆಲೇ ಬರುತ್ತದೆ. ಖರ್ಚು ಹನ್ನೆರಡು ತಿಂಗಳೂ ಇರುತ್ತದೆ. ಮುಂಗಾರಿನ ಹೊತ್ತಿಗೆ ಬೀಜ, ಗೊಬ್ಬರ, ಉಳುಮೆಯ ಬಾಡಿಗೆ, ಮಕ್ಕಳ ಪುಸ್ತಕ, ಮಳೆಗಾಲದ ಜ್ವರ ಇವೆಲ್ಲವೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಉದಾಹರಣೆಗೆ, ನೂರಕ್ಕೆ ತಿಂಗಳಿಗೆ 3 ರೂಪಾಯಿಯಂತೆ 5,000 ರೂಪಾಯಿ ಸಾಲ ತಂದವನು ಆರು ತಿಂಗಳಿಗೆ 900 ರೂಪಾಯಿ ಬಡ್ಡಿ ತೆರಬೇಕು. ಬಿತ್ತನೆಗೆ ಮೊದಲು 2,000 ರೂಪಾಯಿ ಕೈಗೆ ಬಂದಲ್ಲಿ ಅವನ ಸಾಲ 3,000ಕ್ಕೆ ಇಳಿಯುವುದು, ಬಡ್ಡಿಯು 540 ಆಗುವುದು. 360 ರೂಪಾಯಿ ಮನೆಯಲ್ಲೇ ಉಳಿಯುವುದು. ಇದಕ್ಕಿಂತ ದೊಡ್ಡ ಲಾಭವೆಂದರೆ, ಕಣದಲ್ಲಿಯೇ ರಾಗಿಯನ್ನು ಸಾಲಗಾರನಿಗೆ ಅಗ್ಗದ ಬೆಲೆಗೆ ಅಳೆದುಕೊಡಬೇಕಾದ ನಿರ್ಬಂಧವು ಸಡಿಲವಾಗುವುದು. ಸಕಾಲದಲ್ಲಿ ಬಂದ ಸ್ವಲ್ಪ ಹಣವು ಅಕಾಲದಲ್ಲಿ ಬಂದ ಹೆಚ್ಚು ಹಣಕ್ಕಿಂತ ಮೇಲು.

ಮಧ್ಯಪ್ರದೇಶದ ಪ್ರಯೋಗ

ಸ್ವಯಂ ಉದ್ಯೋಗಿ ಮಹಿಳೆಯರ ಸಂಘವಾದ ‘ಸೇವಾ’ ಸಂಸ್ಥೆಯು, ಯುನಿಸೆಫ್ ಸಂಸ್ಥೆಯ ನೆರವಿನಿಂದ, 2011ರಲ್ಲಿ ಮಧ್ಯಪ್ರದೇಶದಲ್ಲಿ ಒಂದು ಪರೀಕ್ಷೆಯನ್ನು ಕೈಗೊಂಡಿತು. ಎಂಟು ಗ್ರಾಮಗಳಲ್ಲಿ ಪ್ರತಿ ವಯಸ್ಕನಿಗೂ ತಿಂಗಳಿಗೆ 200 ರೂಪಾಯಿ, ಪ್ರತಿ ಮಗುವಿಗೂ 100 ರೂಪಾಯಿ ಕೊಡಲಾಯಿತು. ಒಂದು ವರ್ಷದ ಮೇಲೆ ಇದನ್ನು 300 ಮತ್ತು 150ಕ್ಕೆ ಏರಿಸಲಾಯಿತು. ಹಣವನ್ನು ಸ್ವೀಕರಿಸಲು ಯಾವ ಷರತ್ತೂ ಇರಲಿಲ್ಲ. ಹೆಂಗಸರ ಹಣ ಹೆಂಗಸರಿಗೂ, ಮಕ್ಕಳ ಹಣ ತಾಯಂದಿರಿಗೂ ಸಂದಾಯವಾಯಿತು. ಹೋಲಿಸಿನೋಡುವುದಕ್ಕಾಗಿ ಹಣ ಕೊಡದ ಹನ್ನೆರಡು ಗ್ರಾಮಗಳನ್ನೂ ಆರಿಸಿಕೊಂಡಿದ್ದರು. ಇದಲ್ಲದೆ ಒಂದು ಆದಿವಾಸಿ ಗ್ರಾಮದಲ್ಲಿಯೂ ಇದೇ ಬಗೆಯ ಪರೀಕ್ಷೆ ನಡೆಯಿತು.

ಗಂಡ ಹೆಂಡತಿ ಮತ್ತು ಮೂವರು ಮಕ್ಕಳಿರುವ ಮನೆಗೆ ಇದರಿಂದ ಮೊದಲು 700, ತರುವಾಯ 1,050 ರೂಪಾಯಿ ತಿಂಗಳಿಗೆ ದೊರೆಯಿತು. ಅದು ಇಡೀ ಸಂಸಾರವನ್ನು ಸಾಕುವ ಮೊತ್ತವಲ್ಲ. ಆದರೂ ಆ ಗ್ರಾಮಗಳಲ್ಲಿ ಊಟದಲ್ಲಿ ಕಾಳು, ತರಕಾರಿಗಳು ಹೆಚ್ಚಿದುವು. ಮಕ್ಕಳ, ಅದರಲ್ಲೂ ಹೆಣ್ಣುಮಕ್ಕಳ, ತೂಕವು ವಯಸ್ಸಿಗೆ ತಕ್ಕಂತೆ ಸುಧಾರಿಸಿತು. ಶಾಲೆಯ ಹಾಜರಿ ಏರಿತು. ಜಾನುವಾರುಗಳನ್ನು ಕೊಂಡವರು ಹೆಚ್ಚಾದರು. ಹೊಸ ಸಾಲಗಳು ಕಡಮೆಯಾದುವು.

ಮೂರು ಆಕ್ಷೇಪಣೆಗಳು

ಮೊದಲನೆಯದು ಕುಡಿತ. ಮಧ್ಯಪ್ರದೇಶದ ಪರೀಕ್ಷೆಯಲ್ಲಿ ಹಣದಿಂದ ಕುಡಿತ ಹೆಚ್ಚಾದುದು ಕಾಣಬರಲಿಲ್ಲ. ವಿಶ್ವಬ್ಯಾಂಕಿನ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ನಾನಾ ದೇಶಗಳ 19 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ನಗದು ಸಹಾಯದಿಂದ ಮದ್ಯ ಹೊಗೆಸೊಪ್ಪುಗಳ ಖರ್ಚು ಸಾಮಾನ್ಯವಾಗಿ ಏರುವುದಿಲ್ಲವೆಂದೇ ತಿಳಿದುಬಂದಿತು. ಕುಡುಕನು ಎಲ್ಲಿಯೂ ಇರುವನು. ಅವನೊಬ್ಬನನ್ನು ಕಂಡು ಊರಿನ ತಾಯಂದಿರನ್ನೆಲ್ಲ ಸಂಶಯಿಸುವುದು ನ್ಯಾಯವಲ್ಲ.

ಎರಡನೆಯದು ಸೋಮಾರಿತನ. ಆರು ದೇಶಗಳಲ್ಲಿ ನಡೆದ ಏಳು ಪರೀಕ್ಷೆಗಳನ್ನು ಅಭಿಜಿತ್ ಬ್ಯಾನರ್ಜಿಯವರೂ ಅವರ ಸಹೋದ್ಯೋಗಿಗಳೂ ಪರಿಶೀಲಿಸಿ, ಸಹಾಯ ಪಡೆದವರು ಕೆಲಸ ಬಿಟ್ಟರೆಂಬುದಕ್ಕೆ ಆಧಾರವಿಲ್ಲವೆಂದು 2017ರಲ್ಲಿ ಪ್ರಕಟಿಸಿದರು. ಆದರೆ ಇಲ್ಲಿ ಹಿಡುವಳಿದಾರರು ಗಮನಿಸಬೇಕಾದ ಒಂದು ಸಂಗತಿ ಉಂಟು. ಮಧ್ಯಪ್ರದೇಶದಲ್ಲಿ ತುಂಡುಭೂಮಿಯುಳ್ಳವರು ಪರರ ಹೊಲದ ಕೂಲಿಯನ್ನು ಕಡಮೆಮಾಡಿ ತಮ್ಮ ಹೊಲದ ಕೆಲಸವನ್ನು ಹೆಚ್ಚಿಸಿಕೊಂಡರು. ಬಿತ್ತನೆಯ ಹದ ಎಲ್ಲರಿಗೂ ಒಂದೇ ದಿನ ಬರುವುದರಿಂದ, ಇದು ದೊಡ್ಡ ಹಿಡುವಳಿದಾರನಿಗೆ ಕೊಂಚ ಅನಾನುಕೂಲವೇ ಸರಿ, ಮರೆಮಾಚಿ ಫಲವಿಲ್ಲ. ಮುಂಗಡದ ಸಾಲಕ್ಕೆ ಕಟ್ಟುಬಿದ್ದು ಬರುತ್ತಿದ್ದ ಆಳು ಇನ್ನು ಮುಂದೆ ನ್ಯಾಯವಾದ ಕೂಲಿಗೆ ಮಾತ್ರ ಬರುವನು. ಜೀತಪದ್ಧತಿಯನ್ನು 1976ರ ಕಾನೂನೇ ರದ್ದುಮಾಡಿರುವಲ್ಲಿ, ಇದನ್ನು ನಷ್ಟವೆಂದು ಎಣಿಸುವುದು ವಿವೇಕಿಗಳಿಗೆ ಸಲ್ಲದು. ಪಕ್ಕದ ಹೊಲವು ಬೀಳಾಗಿ ಕಳೆಯ ಬೀಜವನ್ನು ಹರಡುವುದಕ್ಕಿಂತ ಅದು ಚೆನ್ನಾಗಿ ಸಾಗುವಳಿಯಾಗುವುದು ಊರಿಗೇ ಕ್ಷೇಮಕರ.

ಮೂರನೆಯದು ಬೆಲೆಯೇರಿಕೆ. ಪೂರ್ವ ಆಫ್ರಿಕದ ಕೆನ್ಯಾ ದೇಶದ ಸಿಯಾಯಾ ಪ್ರಾಂತದ 653 ಗ್ರಾಮಗಳಲ್ಲಿ 2014ರಿಂದ ನಡೆದ ಪರೀಕ್ಷೆಯಲ್ಲಿ ಸುಮಾರು 10,500 ಬಡ ಸಂಸಾರಗಳಿಗೆ ಒಂದೊಂದಕ್ಕೆ ಸುಮಾರು 1,000 ಡಾಲರು ಕೊಡಲಾಯಿತು. ಇದು ಅವರ ಒಂದು ವರ್ಷದ ಖರ್ಚಿನ ಮುಕ್ಕಾಲು ಪಾಲಿನಷ್ಟಾಗುವುದು. ಇಷ್ಟು ಹಣ ಹರಿದುಬಂದರೂ ಬೆಲೆಗಳು ಸರಾಸರಿ ನೂರಕ್ಕೆ 0.1ರಷ್ಟು ಮಾತ್ರ ಏರಿದುವು. ಹಣ ಪಡೆಯದ ನೆರೆಹೊರೆಯವರ ಸಂಪಾದನೆಯೂ ವೃದ್ಧಿಯಾಯಿತು. ಬಡವನ ಹಣವು ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಅದು ಅಂಗಡಿಗೂ ಬಡಗಿಗೂ ಕಮ್ಮಾರನಿಗೂ ಹರಿದು ಊರಿನಲ್ಲೇ ಸುತ್ತುತ್ತದೆ.

ಕನ್ನಡನಾಡಿನಲ್ಲಿ

ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ಕಿಸಾನ್ ಸಮ್ಮಾನ್ ಯೋಜನೆಯಲ್ಲಿ ಭೂಮಿಯುಳ್ಳ ರೈತ ಸಂಸಾರಕ್ಕೆ ವರ್ಷಕ್ಕೆ 6,000 ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಏರ್ಪಾಡಾಯಿತು. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆಯು 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಆರಂಭವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಗೊತ್ತಾಯಿತು. ಅದೇ ವರ್ಷದ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ 5 ಕಿಲೋ ಅಕ್ಕಿಗೆ ಬದಲಾಗಿ ಕಿಲೋ ಒಂದಕ್ಕೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಕೊಟ್ಟು, 2025ರಲ್ಲಿ ಪುನಃ ಅಕ್ಕಿಯನ್ನೇ ಕೊಡಲಾಯಿತು. ಅಂಗಡಿಯ ಬೆಲೆ 34ನ್ನು ಮೀರಿದಲ್ಲಿ 170 ರೂಪಾಯಿಗೆ 5 ಕಿಲೋ ದೊರೆಯದು. ಆದುದರಿಂದ ಧಾನ್ಯಕ್ಕೆ ಬದಲು ಹಣ ಕೊಡುವಾಗ ಬೆಲೆಯನ್ನು ಅನುಸರಿಸಿ ಮೊತ್ತವನ್ನು ತಿದ್ದುತ್ತಿರಬೇಕಾದುದು ಅವಶ್ಯಕ.

ಮುಖಂಡರ ಕರ್ತವ್ಯಗಳು

1. ತಂದೆಯೋ ತಾತನೋ ಗತಿಸಿ ವರ್ಷಗಳಾದರೂ ಪಹಣಿಯಲ್ಲಿ ಅವರ ಹೆಸರೇ ಇರುವ ಮನೆಗಳುಂಟು. ಅಂಥ ವಾರಸುದಾರರಿಗೆ ಭೂಮಿಯ ಆಧಾರದ ಸಹಾಯವು ತಪ್ಪಿಹೋಗುತ್ತದೆ. ಅವರಿಂದ ಪೌತಿ ಖಾತೆಗೆ ಅರ್ಜಿ ಕೊಡಿಸುವುದು ಊರಿನ ಹಿರಿಯರು ಮಾಡತಕ್ಕ ಮೊದಲ ಉಪಕಾರ.

2. ಆಧಾರ್ ಜೋಡಣೆ ಇಲ್ಲದ ಖಾತೆಗೆ ಹಣ ಬಾರದೆ ಉಳಿಯುವುದುಂಟು. ಓದುಬಾರದ ಮುದುಕಿಯು ಇದಕ್ಕಾಗಿ ನಾಲ್ಕು ದಿನದ ಕೂಲಿ ಕಳೆದುಕೊಳ್ಳದಂತೆ, ಊರಿನ ಓದಿದ ಹುಡುಗನೊಬ್ಬನನ್ನು ಜೊತೆಗೆ ಕಳುಹಿಸತಕ್ಕದ್ದು.

3. ಬಡವರ ಪಾಸುಪುಸ್ತಕವನ್ನಾಗಲಿ ಬ್ಯಾಂಕಿನ ಕಾರ್ಡನ್ನಾಗಲಿ ಸಾಲದ ಭದ್ರತೆಗೆಂದು ಯಾರೂ ಇಟ್ಟುಕೊಳ್ಳಕೂಡದು. ಹಾಗೆ ಇಟ್ಟುಕೊಂಡರೆ ಹೆಸರು ಅವಳದು, ಹಣ ಪರರದು ಎಂದಾಗುವುದು.

4. ಗುತ್ತಿಗೆಗೆ ಉಳುವವನಿಗೂ ಭೂಹೀನ ಕೂಲಿಗಾರನಿಗೂ ಭೂಮಿಯ ಆಧಾರದ ಸಹಾಯ ಸಲ್ಲುವುದಿಲ್ಲ. ಅವರಿಗೆ ಒದಗಬಹುದಾದ ವೃದ್ಧಾಪ್ಯ, ವಿಧವಾ ಮತ್ತು ಅಂಗವಿಕಲರ ವೇತನಗಳನ್ನು ನೆನಪಿಟ್ಟು ಅರ್ಜಿ ಹಾಕಿಸಬೇಕು.

ಹಣದಿಂದ ಆಗದ ಕೆಲಸಗಳು

ನಗದು ಸಹಾಯವು ಕೆರೆಯ ಹೂಳನ್ನು ಎತ್ತಲಾರದು, ಶಾಲೆಗೆ ಉಪಾಧ್ಯಾಯರನ್ನು ತರಲಾರದು, ಹೊಲಕ್ಕೆ ಬದುವನ್ನು ಹಾಕಲಾರದು. ಇವು ಸರ್ಕಾರವೂ ಗ್ರಾಮವೂ ಸೇರಿ ಮಾಡಬೇಕಾದ ಕಾರ್ಯಗಳು. ಹಣ ಕೊಟ್ಟೆವೆಂದು ಇವುಗಳನ್ನು ನಿಲ್ಲಿಸಿದರೆ ಒಂದು ಕೈಯಿಂದ ಕೊಟ್ಟು ಇನ್ನೊಂದು ಕೈಯಿಂದ ಕಿತ್ತುಕೊಂಡಂತಾಗುವುದು. ಕಂತು ತಪ್ಪಿ ತಪ್ಪಿ ಬಂದರೂ ಪ್ರಯೋಜನ ಅರ್ಧವಾಗುವುದು. ಯಾವಾಗ ಬರುವುದೆಂದು ತಿಳಿಯದ ಹಣವನ್ನು ನಂಬಿ ಯಾವ ಒಕ್ಕಲೂ ಬೀಜಕ್ಕೆ ಏರ್ಪಾಡು ಮಾಡಿಕೊಳ್ಳಲಾರದು.

ಬಡವನು ಬಡವನಾಗಿರುವುದು ಬುದ್ಧಿಯಿಲ್ಲದುದರಿಂದಲ್ಲ. ಬಹುಮಟ್ಟಿಗೆ ಕೈಯಲ್ಲಿ ಬಂಡವಾಳವಿಲ್ಲದುದರಿಂದ. ತನ್ನ ಮನೆಗೆ ಈ ತಿಂಗಳು ಬೀಜ ಬೇಕೋ ಔಷಧಿ ಬೇಕೋ ಎಂಬುದನ್ನು ಆ ಮನೆಯ ಹೆಣ್ಣುಮಗಳಿಗಿಂತ ಚೆನ್ನಾಗಿ ಬಲ್ಲವರು ಬೇರೆ ಇಲ್ಲ. ಆಕೆಗೆ ಸಲ್ಲಬೇಕಾದುದು ಪೂರ್ತಿಯಾಗಿ, ಸಕಾಲದಲ್ಲಿ, ಆಕೆಯ ಕೈಗೇ ಸೇರುವಂತೆ ನೋಡಿಕೊಳ್ಳುವ ಭಾರವು ಊರಿನ ಹಿರಿಯರ ಮೇಲಿದೆ.