ನಿತ್ಯಪ್ರಾರ್ಥನೆಯೂ ಆನಂದದಾಸೋಹವೂ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬೀ ಐದು ತಾಲ್ಲೂಕುಗಳ ಸೀಮೆಯಲ್ಲಿ ನಿತ್ಯಪೂಜೆಯು ಹೊಸದಾಗಿ ಬೋಧಿಸತಕ್ಕ ವಿಷಯವಲ್ಲ. ಕೊಟ್ಟೂರೇಶ್ವರನ ಸನ್ನಿಧಿಯೂ ಉಜ್ಜಿನಿಯ ಸದ್ಧರ್ಮಪೀಠವೂ ಬೆಳಗಿದ ಈ ನೆಲದಲ್ಲಿ, ಇಷ್ಟಲಿಂಗವನ್ನು ಅರ್ಚಿಸದೆ ಅನ್ನವನ್ನು ಮುಟ್ಟದ ಮನೆಗಳು ಇಂದಿಗೂ ಉಂಟು. ಆದರೆ ನಿಯಮವು ಉಳಿದು ಆನಂದವು ಜಾರಿಹೋಗುವ ಅಪಾಯವೂ ಉಂಟು. ದೇವರಮನೆಯಿಂದ ಮುಖ ಗಂಟಿಕ್ಕಿಕೊಂಡು ಬಂದು ಮನೆಮಂದಿಯ ಮೇಲೆ ಹರಿಹಾಯುವ ಭಕ್ತರು ಯಾವ ಮತದಲ್ಲಿಯೂ ವಿರಳರಲ್ಲ. ಈ ವ್ಯಾಧಿಗೆ ಕಥೋಲಿಕ ಕ್ರೈಸ್ತರ ನಿತ್ಯಪ್ರಾರ್ಥನೆಯಲ್ಲಿ ಅಡಗಿರುವ ಔಷಧವು ವಿಚಾರಾರ್ಹವಾದುದು. ಅವರು ದೂರದವರೂ ಅಲ್ಲ. ಬಳ್ಳಾರಿಯಲ್ಲಿ ಅವರ ಧರ್ಮಕ್ಷೇತ್ರವು 1949ರಲ್ಲಿ ಸ್ಥಾಪಿತವಾಯಿತು.

ಅವರ ದೇವಾಲಯಗಳಲ್ಲಿ ಪ್ರಾತಃಕಾಲ, ಮಧ್ಯಾಹ್ನ, ಸಾಯಂಕಾಲ ಹೀಗೆ ಮೂರು ಹೊತ್ತು ಘಂಟೆ ಬಾರಿಸುವ ಪುರಾತನ ಸಂಪ್ರದಾಯವಿದೆ. ದೇವದೂತನು ಕನ್ಯೆಯಾದ ಮರಿಯಮ್ಮನಿಗೆ ಶುಭವಾರ್ತೆಯನ್ನು ತಂದುದರ ಸ್ಮರಣೆಯದು. ಆ ದೂತನ ಮೊದಲ ನುಡಿಯನ್ನು ಕನ್ನಡದಲ್ಲಿ ವಂದನೆಯ ರೂಪದಲ್ಲಿ ಹೇಳುವುದು ವಾಡಿಕೆ. ಗ್ರೀಕ್ ಮೂಲದಲ್ಲಿರುವುದು ‘ಖೈರೆ’ ಎಂಬ ಶಬ್ದ. ಅದು ಆ ಕಾಲದ ಲೋಕರೂಢಿಯ ವಂದನೆಯೇ ಅಹುದು. ಆದರೂ ಅದರ ಅಕ್ಷರಾರ್ಥವು ‘ಆನಂದಿಸು’ ಎಂಬುದು. ಈಸ್ಟರ್ ಹಬ್ಬದಿಂದ ಪೆಂತೆಕೋಸ್ತಿನವರೆಗೆ ಈ ಪ್ರಾರ್ಥನೆಗೆ ಬದಲಾಗಿ ಮರಿಯಮ್ಮನನ್ನು ಹರ್ಷಿಸೆಂದು ಬೇಡುವ ಮತ್ತೊಂದನ್ನೇ ಹೇಳುತ್ತಾರೆ. ದಿನಕ್ಕೆ ಮೂರು ಸಲ ಕೆಲಸವನ್ನು ನಿಲ್ಲಿಸಿ ಸಂತೋಷದ ಮಾತೊಂದನ್ನು ನೆನೆಯುವುದು ಅಲ್ಪವಾದ ಸಾಧನೆಯಲ್ಲ.

ಸಂಜೆಯಾದ ಬಳಿಕ ಮನೆಯವರೆಲ್ಲರೂ ಕೂಡಿ ಜಪಸರವನ್ನು ಎಣಿಸುತ್ತಾರೆ. ಇಲ್ಲಿ ಭಾಷೆಯ ಸಂಗತಿಯೊಂದಿದೆ. ಅವರ ಬಲಿಪೂಜೆಯು ಶತಮಾನಗಳ ಕಾಲ ಲ್ಯಾಟಿನ್ ಭಾಷೆಯಲ್ಲಿಯೇ ನಡೆಯಿತು. ದೇಶಭಾಷೆಗಳಿಗೆ ಅದರ ಬಾಗಿಲು ತೆರೆದುದು 1963ರಲ್ಲಿ, ಎರಡನೆಯ ವ್ಯಾಟಿಕನ್ ಮಹಾಸಭೆಯ ನಿರ್ಣಯದಿಂದ. ಆದರೆ ಮನೆಯ ಜಪಕ್ಕೆ ಅಂತಹ ಕಟ್ಟು ಇರಲಿಲ್ಲ. ತಾಯಂದಿರು ಮಕ್ಕಳಿಗೆ ಅದನ್ನು ಮನೆಮಾತಿನಲ್ಲಿ ಕಲಿಸಬಹುದಾಗಿತ್ತು. 12ನೆಯ ಶತಮಾನದಲ್ಲಿಯೇ ಅನುಭಾವವನ್ನು ತಿರುಳ್ಗನ್ನಡದಲ್ಲಿ ನುಡಿದ ಶರಣರ ನಾಡಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಮನಸ್ಸು ನಲಿಯುವುದು ತಾಯ್ನುಡಿಯಲ್ಲಿ.

ಆ ಜಪದಲ್ಲಿ ಧ್ಯಾನಿಸತಕ್ಕ ರಹಸ್ಯಗಳಲ್ಲಿ ಐದಕ್ಕೆ ಸಂತೋಷದ ರಹಸ್ಯಗಳೆಂದು ಹೆಸರು. ಸೋಮವಾರ ಮತ್ತು ಶನಿವಾರ ಅವುಗಳ ಸರದಿ. ಇವನ್ನು ಸೂಕ್ಷ್ಮವಾಗಿ ನೋಡಿದರೆ ಆಶ್ಚರ್ಯವಾಗುತ್ತದೆ. ಮೂರನೆಯದರಲ್ಲಿ ಶಿಶುವು ಹುಟ್ಟಿದ್ದು ಛತ್ರದಲ್ಲಿ ಸ್ಥಳವಿಲ್ಲದೆ, ಮಲಗಿದ್ದು ದನದ ಗೋದಲಿಯಲ್ಲಿ. ನಾಲ್ಕನೆಯದರಲ್ಲಿ ವೃದ್ಧ ಸಿಮೆಯೋನನು, ಕತ್ತಿಯೊಂದು ತಾಯಿಯ ಅಂತರಂಗವನ್ನು ಭೇದಿಸುವುದೆಂದು ಮುನ್ನುಡಿಯುತ್ತಾನೆ. ಐದನೆಯದರಲ್ಲಿ 12 ವರ್ಷದ ಮಗನು ಕಳೆದುಹೋಗಿ, ಮೂರು ದಿನಗಳ ಸಂಕಟದ ತರುವಾಯ ಜೆರೂಸಲೇಮಿನ ದೇವಾಲಯದಲ್ಲಿ ಸಿಕ್ಕುತ್ತಾನೆ. ದುಃಖವನ್ನು ಹೊರಗಿಟ್ಟ ಸಂತೋಷವು ಇವುಗಳಲ್ಲಿ ಎಲ್ಲಿಯೂ ಇಲ್ಲ. ಮಳೆ ಕೈಕೊಟ್ಟ ವರ್ಷ ಬೆದ್ದಲು ಹೊಲದ ಬದುವಿನ ಮೇಲೆ ಕುಳಿತು ಮುಗಿಲನ್ನು ನೋಡುವ ಕೂಡ್ಲಿಗಿ ಸೀಮೆಯ ಒಕ್ಕಲಿಗನೊಡನೆ ಆನಂದವನ್ನು ಕುರಿತು ಮಾತನಾಡಬೇಕಾದರೆ ಇಂತಹ ಆನಂದವನ್ನೇ ಕುರಿತು ಮಾತನಾಡಬೇಕು. ಉಳಿದುದು ಅವನಿಗೆ ಅಪಹಾಸ್ಯವಾಗಿ ಕೇಳಿಸೀತು.

ಎಲ್ಲಕ್ಕಿಂತ ಗಹನವಾದುದು ಎರಡನೆಯ ರಹಸ್ಯ. ಶುಭವಾರ್ತೆಯನ್ನು ಕೇಳಿದ ಮರಿಯಮ್ಮನು ಕದವಿಕ್ಕಿಕೊಂಡು ಏಕಾಂತದಲ್ಲಿ ಕೂಡಲಿಲ್ಲ. ಬೆಟ್ಟದ ಸೀಮೆಯಲ್ಲಿದ್ದ ಬಂಧುವಾದ ಎಲಿಜಬೇತಳ ಮನೆಗೆ ತ್ವರೆಯಿಂದ ಹೊರಟಳು. ಆಕೆ ವಯಸ್ಸಾದವಳು, ಆರು ತಿಂಗಳ ಗರ್ಭಿಣಿ. ಮರಿಯಮ್ಮನು ತನ್ನ ಸ್ತುತಿಗೀತವನ್ನು ಹಾಡಿದುದು ಏಕಾಂತದಲ್ಲಿ ಅಲ್ಲ, ಆ ಮನೆಯಲ್ಲಿ. ದೊರೆತ ಆನಂದವು ಮತ್ತೊಬ್ಬರ ಹೊಸ್ತಿಲನ್ನು ದಾಟಿದ ಮೇಲೆಯೇ ಅದಕ್ಕೆ ಹಾಡು ಬಂದಿತು. ಶರಣರು ಅರ್ಚನೆಯ ಪಕ್ಕದಲ್ಲಿಯೇ ದಾಸೋಹವನ್ನು ಇಟ್ಟುದರ ಮರ್ಮವೂ ಇದಕ್ಕೆ ದೂರವಾದುದಲ್ಲ. ಆದರೆ ದಾಸೋಹವೆಂದರೆ ಅನ್ನದ ಪಂಕ್ತಿಯಷ್ಟೇ ಎಂದು ತಿಳಿದವರು ಬಹುಮಂದಿ. ಹೊತ್ತು ಹೋಗದ ಮುದುಕಿಯ ಬಳಿ ಅರೆಗಳಿಗೆ ಕುಳಿತು ಬರುವುದನ್ನು ಅವರು ಆ ಲೆಕ್ಕಕ್ಕೆ ಸೇರಿಸುವುದಿಲ್ಲ. ಮರಿಯಮ್ಮನಾದರೋ ಆ ಮನೆಯಲ್ಲಿ ಸುಮಾರು ಮೂರು ತಿಂಗಳು ತಂಗಿದ್ದು, ಅನಂತರ ತನ್ನ ಮನೆಗೆ ಹಿಂದಿರುಗಿದಳೆಂದು ಲೂಕನು ಬರೆದಿದ್ದಾನೆ.